ಮುಯ್ಯಿಗಲ್ಲ, ಫೋಟೊಗೆ

ಶಿವಮೊಗ್ಗದಲ್ಲಿ ಯಾವ ಸ್ಟುಡಿಯೊಗೂ ಸೇರದೆ ಸ್ವಂತವಾಗಿ ಮದುವೆ ಫೋಟೊ ತೆಗೆಯುವವನು ನಾನು. ಅಂಗಡಿಯಿಲ್ಲ, ಬೋರ್ಡಿಲ್ಲ. ಒಂದು ಮದುವೆಯ ಫೋಟೊ ಚೆನ್ನಾಗಿ ಬಂದರೆ ಬೀಗರ ಕಡೆಯಿಂದ ಇನ್ನೊಂದು ಕರೆ ಬರುತ್ತದೆ. ಫೋಟೊ ಮೆಚ್ಚಿದವರು ನಂಬರಿಗಾಗಿ ಹುಡುಕಾಡುವುದು ಬೇಡವೆಂದು ಕ್ಯೂಆರ್ ಕೋಡ್ ಮಾಡಿಸಿದೆ.

ಮೊದಲ ಸಲ ಊಟದ ಹಾಲಿನ ಬಾಗಿಲಲ್ಲಿ ಸ್ಟ್ಯಾಂಡ್ ಇಟ್ಟು ಬರೀ ಕೋಡ್ ಅಂಟಿಸಿದ್ದೆ. ಅಕ್ಷರಗಳಿದ್ದರೆ ಅಂದಗೆಡುತ್ತದೆ ಎಂಬ ಶೋಕಿ. ಹಿರಿಯರೊಬ್ಬರು ಮೊಬೈಲ್ ಹಿಡಿದು ಎರಡು ಸಲ ನೋಡಿ ನನ್ನನ್ನೇ ಕರೆದರು: "ಮುಯ್ಯಿ ಹಾಕಬೇಕಿತ್ತಪ್ಪಾ, ದುಡ್ಡು ಹೋಗುತ್ತಲೇ ಇಲ್ಲವಲ್ಲ?" ಲಗ್ನಪತ್ರಿಕೆಯಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚು ಹಾಕಿಸಿದ್ದ ಹುಡುಗಿಯ ತಂದೆ ಪಕ್ಕದಲ್ಲೇ ನಿಂತಿದ್ದರು. ಆ ಸ್ಟ್ಯಾಂಡನ್ನು ಕ್ಯಾಮೆರಾ ಬ್ಯಾಗಿನ ಹಿಂದೆ ಅಡಗಿಸಿಟ್ಟೆ.

ತಪ್ಪು ಅವರದಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಎಳನೀರಿನ ಗಾಡಿಯಿಂದ ದೇವಸ್ಥಾನದ ಹುಂಡಿಯವರೆಗೆ ಆ ಚೌಕ ಕಂಡರೆ ದುಡ್ಡು ಕೊಡುವ ಜಾಗವೆಂದೇ ಲೆಕ್ಕ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ ಅದನ್ನು ರೂಪಿಸಿದ್ದು ವಾಹನಗಳ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ ಎಂದು ಛತ್ರದಲ್ಲಿ ನಿಂತು ಭಾಷಣ ಮಾಡಲಾದೀತೇ? ಮುಂದಿನ ಮದುವೆಗೆ ಕೋಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದೆ: 'ನಿಮ್ಮ ಫೋಟೊ ಇಲ್ಲಿದೆ. ದುಡ್ಡು ಕೇಳುವುದಿಲ್ಲ.'

ಮುಹೂರ್ತ ಮುಗಿದೊಡನೆ ನನ್ನ ಸಹಾಯಕ ವೇದಿಕೆಯ ಒಂದಷ್ಟು ಫೋಟೊಗಳನ್ನು ಕೋಡ್ ತೆರೆಯುವ ಜಾಲಪುಟಕ್ಕೆ ಏರಿಸುತ್ತಾನೆ. ಎರಡನೇ ಪಂಕ್ತಿಗೆ ಕಾಯುವವರು ತಮ್ಮ ಫೋಟೊ ಹುಡುಕುತ್ತಾ ನಿಲ್ಲುತ್ತಾರೆ; ಪುಟದ ಕೆಳಗೆ ನನ್ನ ವಾಟ್ಸ್‌ಆ್ಯಪ್ ಇರುತ್ತದೆ. ಮನೆಯವರ ಒಪ್ಪಿಗೆ ಇಲ್ಲದೆ ಇದನ್ನು ಮಾಡಬಾರದು. ಹೆಣ್ಣುಮಕ್ಕಳ ಫೋಟೊ ಕಂಡವರಿಗೆಲ್ಲ ಸಿಗುತ್ತದೆ ಎಂದು ಒಂದು ಮನೆಯವರು ಬೇಸರಪಟ್ಟರು. ಅವರ ಮಾತು ಸರಿಯಾಗಿತ್ತು. ಈಗ ಹದಿನೈದು ದಿನಕ್ಕೆ ಪುಟ ಮುಚ್ಚುತ್ತೇನೆ.

ವಿಸಿಟಿಂಗ್ ಕಾರ್ಡಿನಲ್ಲಿ ಕೈಸುಟ್ಟುಕೊಂಡ ಕಥೆ ಬೇರೆ. ಒಂದು ಜಾಲತಾಣದಲ್ಲಿ ಉಚಿತವೆಂದು ಕೋಡ್ ಮಾಡಿಕೊಂಡೆ. ಅದು ಡೈನಾಮಿಕ್ ಕೋಡ್: ಮೊದಲು ಅವರ ಕೊಂಡಿಗೆ ಹೋಗಿ ಅಲ್ಲಿಂದ ನನ್ನ ಪುಟಕ್ಕೆ ಬರುವಂಥದ್ದು. ಉಚಿತ ಅವಧಿ ಮುಗಿದಾಗ ಅಚ್ಚಾಗಿದ್ದ ಐನೂರು ಕಾರ್ಡುಗಳೂ ಸತ್ತವು. ಆಮೇಲೆ ಸ್ವಂತ ಡೊಮೇನ್, ಅಂದರೆ ನನ್ನದೇ ಜಾಲವಿಳಾಸ, ಕೊಂಡು ಅದನ್ನೇ ಕೋಡಿನಲ್ಲಿ ಹಾಕಿದೆ. ಆ ಕೋಡ್ ತೆರೆಯುವ ಪುಟವನ್ನು ಬೇಕೆಂದಾಗ ನಾನೇ ಬದಲಿಸಿಕೊಳ್ಳಬಹುದು.

ಕನ್ನಡದ ಅಭಿಮಾನವೂ ಒಮ್ಮೆ ಪೇಚಿಗೆ ಸಿಲುಕಿಸಿತು. ಸ್ಕ್ಯಾನ್ ಮಾಡಿದರೆ ವಾಟ್ಸ್‌ಆ್ಯಪಿನಲ್ಲಿ 'ನಮಸ್ಕಾರ, ಮದುವೆ ಫೋಟೊ ಬಗ್ಗೆ ವಿಚಾರಿಸಬೇಕಿತ್ತು' ಎಂದು ತಾನೇ ಮೂಡುವಂತೆ ಮಾಡಿದ್ದೆ. ಕೊಂಡಿಯೊಳಗೆ ಕನ್ನಡದ ಒಂದೊಂದು ಸಂಕೇತವೂ ಒಂಬತ್ತು ಇಂಗ್ಲಿಷ್ ಅಕ್ಷರಗಳಷ್ಟು ಜಾಗ ತಿನ್ನುತ್ತದೆ. ಒತ್ತು, ದೀರ್ಘಗಳೂ ಬೇರೆಬೇರೆ ಸಂಕೇತಗಳೇ ಆದ್ದರಿಂದ 'ನಮಸ್ಕಾರ'ದಲ್ಲಿ ಏಳು; ಅದೊಂದಕ್ಕೇ 63. ಕೋಡ್ ರಾಗಿ ಚೆಲ್ಲಿದಂತೆ ಒತ್ತೊತ್ತಾಗಿ, ಎರಡು ಸೆಂಟಿಮೀಟರ್ ಅಚ್ಚಿನಲ್ಲಿ ಹಳೆಯ ಮೊಬೈಲುಗಳಿಗೆ ಹತ್ತಲೇ ಇಲ್ಲ. ಈಗ ಸಂದೇಶದಲ್ಲಿ ಮೂಡುವುದು ಬರೀ ಒಂದು ಅಂಕಿ: ಛತ್ರದ್ದಕ್ಕೆ 1, ತಾಂಬೂಲದ ಚೀಲಕ್ಕೆ 2, ಕಾರ್ಡಿಗೆ 3. ವಿಚಾರಿಸುವವರು ಎಲ್ಲಿಂದ ಬಂದರೆಂದೂ ಗೊತ್ತಾಗುತ್ತದೆ.

ತಾಂಬೂಲದ ಚೀಲದ ಉಪಾಯ ನನ್ನ ಹೆಂಡತಿಯದು. ಚೀಲದ ಮೇಲೆ ನೇರವಾಗಿ ಅಚ್ಚು ಹಾಕಿಸಿದರೆ ಶಾಯಿ ಹರಡಿತು. ಸೀರೆಗೆ ಹೊಂದಲಿ ಎಂದು ಒಬ್ಬರು ಮರೂನ್ ಮೇಲೆ ಚಿನ್ನದ ಬಣ್ಣ ಕೇಳಿದರು. ಕ್ಯಾಮೆರಾಕ್ಕೆ ಅದು ಕಾಣಲಿಲ್ಲ. ಕೊನೆಗೆ ಹೊಳಪಿಲ್ಲದ ಬಿಳಿ ಸ್ಟಿಕ್ಕರ್, ಕಪ್ಪು ಕೋಡ್, ಸುತ್ತ ಕೋಡಿನದೇ ನಾಲ್ಕು ಚುಕ್ಕಿಯಗಲದ ಖಾಲಿ ಜಾಗ.

ಛತ್ರದ ಕೋಡನ್ನು ನೂರಾರು ಜನ ತೆರೆಯುತ್ತಾರೆ, ಆದರೆ 1 ಎಂಬ ಸಂದೇಶ ಬರುವುದು ಅಪರೂಪ. 3 ಇನ್ನೂ ಅಪರೂಪ. ಕೆಲಸ ತರುವುದು 2. ಆ ಚೀಲವನ್ನು ಮನೆಯಲ್ಲಿ ಕುಳಿತು ಬಿಚ್ಚುವ ತಾಯಂದಿರ ತಲೆಯಲ್ಲಿ ತಮ್ಮ ಮಗಳ ಮದುವೆಯೂ ಇರುತ್ತದೆ ಎಂದು ನನ್ನ ಊಹೆ. ಕಳೆದ ವಾರ ಹಾಗೊಂದು 2 ಬಂತು. ಯಾರ ಮದುವೆಗೆ ಬಂದಿದ್ದಿರಿ ಎಂದು ಕೇಳಿದೆ.

"ಯಾರದೋ ನೆನಪಿಲ್ಲ. ಈ ಚೀಲದಲ್ಲಿ ತರಕಾರಿ ತರುತ್ತೇವೆ. ನೀವು ಫೋಟೊ ಚೆನ್ನಾಗಿ ತೆಗೆಯುತ್ತೀರಾ?"