ದೊಡ್ಡ ತಳಿಯ ಮರಿ ಕುಂಟುತ್ತಿದೆಯೇ? ಕ್ಯಾಲ್ಸಿಯಂ ಬಾಟಲಿ ತೆರೆಯುವ ಮುನ್ನ

ಡೊಂಬಿವಲಿಯ ನಮ್ಮ ಮನೆಯ ಏಳು ತಿಂಗಳ ಲ್ಯಾಬ್ರಡಾರ್ ಮರಿ ಒಂದು ಬೆಳಿಗ್ಗೆ ಬಲ ಮುಂಗಾಲನ್ನು ನೆಲಕ್ಕೆ ಊರದೆ ಎದ್ದು ನಿಂತಾಗ ಮನೆಯವರೆಲ್ಲರ ಬಾಯಿಂದ ಬಂದದ್ದು ಒಂದೇ ಮಾತು: ‘ಬೆಳೆಯುವ ಮರಿ, ಕ್ಯಾಲ್ಸಿಯಂ ಸಾಲುತ್ತಿಲ್ಲ.’ ಕುಂದಾಪುರದಿಂದ ಬಂದಿದ್ದ ಅತ್ತೆಯವರು ಅಂದಿನಿಂದಲೇ ಹಾಲು-ಅನ್ನದ ಬಟ್ಟಲಿಗೆ ದಿನವೂ ಎರಡು ಮುಚ್ಚಳ ಕ್ಯಾಲ್ಸಿಯಂ ಸಿರಪ್ ಸುರಿಯತೊಡಗಿದರು, ನಾನೂ ತಡೆಯಲಿಲ್ಲ. ವಾರ ಕಳೆಯುವಷ್ಟರಲ್ಲಿ ಬಲಗಾಲು ಸರಿಹೋಯಿತು; ಸಿರಪ್ ಫಲ ಕೊಟ್ಟಿತೆಂದು ನೆಮ್ಮದಿಪಡುವ ಹೊತ್ತಿಗೆ ಎಡಗಾಲು ಕುಂಟತೊಡಗಿತು. ಪಶುವೈದ್ಯರು ಕೇಳಿದ್ದು ಎರಡೇ ಪ್ರಶ್ನೆ: ಯಾವ ಕಾಲು, ಯಾವಾಗಿನಿಂದ? ಏನು ತಿನ್ನಿಸುತ್ತಿದ್ದೀರಿ, ಎಷ್ಟು? ಎರಡಕ್ಕೂ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ಆ ಉತ್ತರಗಳನ್ನು ನೀವು ಮನೆಯಲ್ಲೇ ಸಿದ್ಧಪಡಿಸಿಕೊಳ್ಳುವುದು ಹೇಗೆಂದು ತಿಳಿಸುವುದೇ ಈ ಬರಹದ ಉದ್ದೇಶ.

ಹುಟ್ಟಿದಾಗ ಅರ್ಧ ಕಿಲೋ ಕೂಡ ತೂಗದ ಲ್ಯಾಬ್ರಡಾರ್ ಮರಿ ವರ್ಷ ತುಂಬುವಾಗ 25ರಿಂದ 30 ಕಿಲೋ ಮುಟ್ಟುತ್ತದೆ. ಉದ್ದ ಮೂಳೆಗಳ ತುದಿಯ ಬಳಿ ಇರುವ ಮೆತ್ತನೆಯ ಮೃದ್ವಸ್ಥಿಯ ಪದರದಲ್ಲಿ ಈ ಬೆಳವಣಿಗೆ ನಡೆಯುತ್ತದೆ. ದೊಡ್ಡ ತಳಿಗಳಲ್ಲಿ ಆ ಪದರ ಗಟ್ಟಿಯಾಗಿ ಮುಚ್ಚಿಕೊಳ್ಳಲು 12ರಿಂದ 18 ತಿಂಗಳು ಬೇಕು. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ನಂಥ ದೈತ್ಯ ತಳಿಗಳಲ್ಲಿ ಎರಡು ವರ್ಷದವರೆಗೂ ಹಿಡಿಯಬಹುದು. ಮೈತೂಕ ಬೇಗ ಏರಿದಷ್ಟೂ ಇನ್ನೂ ಹಸಿಯಾಗಿರುವ ಮೂಳೆ ಮತ್ತು ಕೀಲುಗಳ ಮೇಲೆ ಹೊರೆ ಹೆಚ್ಚುತ್ತದೆ.

ಮೊದಲು ನೋಡಿ, ಆಮೇಲೆ ಮುಟ್ಟಿ

ಮರಿಯನ್ನು ಮನೆಯ ನುಣುಪಾದ ಟೈಲ್ಸ್ ಮೇಲೆ ಅಲ್ಲ, ಸೊಸೈಟಿಯ ಅಂಗಳದ ಸಮತಟ್ಟಾದ ಒರಟು ನೆಲದ ಮೇಲೆ ನಡೆಸಿ. ಒಬ್ಬರು ಪಟ್ಟಿಯನ್ನು ಸಡಿಲವಾಗಿ ಹಿಡಿದು ಮೆಲ್ಲನೆ ನಡೆಯಲಿ, ಇನ್ನೊಬ್ಬರು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಲಿ. ಆಸ್ಪತ್ರೆಯ ಗಾಬರಿಯಲ್ಲಿ ಅನೇಕ ಮರಿಗಳು ಕುಂಟುವುದನ್ನೇ ಮರೆಯುವುದರಿಂದ ಈ ವಿಡಿಯೊ ವೈದ್ಯರಿಗೆ ಬಹಳ ಉಪಯುಕ್ತ. ಮುಂಗಾಲು ನೋಯುತ್ತಿದ್ದರೆ ತಲೆಯನ್ನು ಗಮನಿಸಿ: ನೋವಿನ ಕಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ಕೆಳಗಿಳಿಯುತ್ತದೆ. ಓಡುವಾಗ ಎರಡೂ ಹಿಂಗಾಲುಗಳನ್ನು ಜೋಡಿಸಿ ಮೊಲದಂತೆ ಕುಪ್ಪಳಿಸುತ್ತಿದ್ದರೆ, ಮಲಗಿದಲ್ಲಿಂದ ಏಳಲು ತಡವರಿಸುತ್ತಿದ್ದರೆ ಸೊಂಟದ ಕೀಲು ಸಡಿಲಾಗಿರುವ ಹಿಪ್ ಡಿಸ್‌ಪ್ಲೇಸಿಯಾ ಎಂಬ ತೊಂದರೆಯನ್ನು ಶಂಕಿಸಬೇಕು.

ನಂತರ ಮರಿಯನ್ನು ಮಗ್ಗುಲಿಗೆ ಮಲಗಿಸಿ, ಮೊದಲು ಒಳ್ಳೆಯ ಕಾಲನ್ನು ಪಾದದಿಂದ ಮೇಲಕ್ಕೆ ಸವರಿ. ಉಗುರು ಸೀಳಿದೆಯೇ, ಬೆರಳುಗಳ ನಡುವೆ ಮುಳ್ಳು, ಗಾಜಿನ ಚೂರು, ರಕ್ತ ಹೀರುವ ಉಣ್ಣೆ ಹುಳು ಇದೆಯೇ ನೋಡಿ. ಎಷ್ಟೋ ಸಲ ಕಾರಣ ಅಷ್ಟೇ ಆಗಿರುತ್ತದೆ. ಏನೂ ಕಾಣದಿದ್ದರೆ ಮೂಳೆಯ ಉದ್ದಕ್ಕೂ ಹೆಬ್ಬೆರಳಿನಿಂದ ಹಗುರವಾಗಿ ಒತ್ತಿ, ಎರಡು ಕಾಲುಗಳನ್ನು ಹೋಲಿಸಿ. ಒಮ್ಮೆ ಸಾಕು, ಪದೇಪದೇ ಒತ್ತಿ ನೋಯಿಸಬಾರದು. ನಮ್ಮ ಮರಿಯ ಭುಜದ ಕೆಳಗಿನ ಮೂಳೆಯ ನಟ್ಟನಡುವೆ ವೈದ್ಯರ ಹೆಬ್ಬೆರಳು ತಾಗಿದೊಡನೆ ಅದು ಕುಂಯ್ ಎಂದು ಅವರ ಮಣಿಕಟ್ಟನ್ನು ಮೆಲ್ಲನೆ ಬಾಯಲ್ಲಿ ಹಿಡಿಯಿತು. ಕೀಲನ್ನು ಮಡಿಸಿದಾಗ ಮಾತ್ರ ಅದಕ್ಕೆ ಏನೂ ಆಗಲಿಲ್ಲ.

ಆ ವ್ಯತ್ಯಾಸವೇ ರೋಗದ ಸುಳಿವು. 5ರಿಂದ 18 ತಿಂಗಳ ಮರಿಯಲ್ಲಿ ಕುಂಟು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾರುತ್ತಾ, ಉದ್ದ ಮೂಳೆಯ ನಡುವೆ ನೋವಿದ್ದರೆ ಅದು ಬಹುಮಟ್ಟಿಗೆ ಪ್ಯಾನೋಸ್ಟಿಯೈಟಿಸ್. ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚಾಗಿ ಕಾಣುವ ಈ ಉರಿಯೂತ ಬಂದು ಹೋಗುತ್ತಾ ಕೊನೆಗೆ ತಾನಾಗಿಯೇ ನಿಲ್ಲುತ್ತದೆ. ಸಿರಪ್ ಕುಡಿಸಿದವರಿಗೆ ಅದೇ ವಾಸಿಮಾಡಿತೆಂಬ ಭ್ರಮೆ ಹುಟ್ಟುವುದೂ ಇದರಿಂದಲೇ. ನೋವು ಒಂದೇ ಕಾಲಿನ ಭುಜ ಅಥವಾ ಮೊಣಕೈ ಕೀಲಿನಲ್ಲಿ ನೆಲೆಸಿ ವಾರಗಟ್ಟಲೆ ಉಳಿದರೆ ಮೃದ್ವಸ್ಥಿಯ ತುಣುಕು ಕಳಚಿರುವ ಸಾಧ್ಯತೆಯಿದೆ, ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಕಾಯಬಾರದ ಸಂದರ್ಭಗಳು

ಕಾಲನ್ನು ಸಂಪೂರ್ಣ ಎತ್ತಿಕೊಂಡೇ ಇದ್ದರೆ, ಮಣಿಕಟ್ಟಿನ ಮೇಲ್ಭಾಗ ಊದಿ ಬಿಸಿಯಾಗಿದ್ದರೆ, ಊಟ ಬಿಟ್ಟಿದ್ದರೆ, ಮೈಬಿಸಿ 39.5 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಅಂದೇ ವೈದ್ಯರ ಬಳಿ ಹೋಗಿ. ಮೂರು-ನಾಲ್ಕು ತಿಂಗಳ ಮರಿಯಲ್ಲಿ ಊತ ಮತ್ತು ಜ್ವರ ಜೊತೆಯಾಗಿ ಬಂದರೆ ಅದು ಬೆಳೆಯುವ ಪದರದ ಬಳಿಯ ತೀವ್ರ ಉರಿಯೂತವಿರಬಹುದು. ಮಂಚದಿಂದ ಹಾರಿ ಬಿದ್ದ ಮರಿಯ ಕುಂಟನ್ನೂ ಹಗುರವಾಗಿ ಕಾಣಬೇಡಿ; ಪದರಕ್ಕೆ ಪೆಟ್ಟಾಗಿ ಅದು ಅವಧಿಗೆ ಮುನ್ನ ಮುಚ್ಚಿಕೊಂಡರೆ ಕಾಲು ಬಾಗಿಯೇ ಬೆಳೆಯುತ್ತದೆ. ಉಣ್ಣೆ ಹುಳುವಿನಿಂದ ಹರಡುವ ಜ್ವರದಲ್ಲೂ ಕೀಲುನೋವು ಬರುವುದುಂಟು, ಆದ್ದರಿಂದ ರಕ್ತಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಮನೆಯ ಔಷಧಿ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಅಥವಾ ಪ್ಯಾರಾಸಿಟಮಾಲ್ ಅನ್ನು ಖಂಡಿತ ಕೊಡಬೇಡಿ. ಮನುಷ್ಯರ ನೋವಿನ ಮಾತ್ರೆಗಳಿಂದ ನಾಯಿಯ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಮೂತ್ರಪಿಂಡ ಅಥವಾ ಯಕೃತ್ತು ಕೆಡಬಹುದು.

ಎಕ್ಸ್-ರೇ ತೆಗೆಸುವಾಗ ಹೋಲಿಕೆಗಾಗಿ ಎರಡೂ ಕಾಲುಗಳದ್ದು ಬೇಕು. ಪ್ಯಾನೋಸ್ಟಿಯೈಟಿಸ್‌ನಲ್ಲಿ ಮೊದಲ ಕೆಲವು ದಿನ ಚಿತ್ರದಲ್ಲಿ ಏನೂ ಕಾಣದಿರಬಹುದಾದ್ದರಿಂದ ವೈದ್ಯರು ಮತ್ತೊಮ್ಮೆ ಬರಹೇಳಿದರೆ ಬೇಸರಿಸಬಾರದು. ಹತ್ತಿರದ ಕ್ಲಿನಿಕ್ಕಿನಲ್ಲಿ ಸೌಲಭ್ಯವಿಲ್ಲದಿದ್ದರೆ ಮುಂಬಯಿಯವರಿಗೆ ಪರೇಲ್‌ನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯಿದೆ. 1886ರಲ್ಲಿ ಆರಂಭವಾದ ಬಾಂಬೆ ವೆಟರ್ನರಿ ಕಾಲೇಜು ಇರುವುದೂ ಅಲ್ಲಿಯೇ. ಸೊಂಟದ ಬಗ್ಗೆ ಅನುಮಾನವಿದ್ದರೆ ತಡಮಾಡಬೇಡಿ, ಏಕೆಂದರೆ ಬೆಳವಣಿಗೆಯನ್ನೇ ಬಳಸಿಕೊಂಡು ಕೀಲನ್ನು ಸರಿಪಡಿಸುವ ಒಂದು ಚಿಕ್ಕ ಶಸ್ತ್ರಚಿಕಿತ್ಸೆ ಐದು ತಿಂಗಳು ತುಂಬುವುದರೊಳಗೆ ಮಾತ್ರ ಫಲಕಾರಿ.

ಬಟ್ಟಲಿನ ಲೆಕ್ಕ

ನಮ್ಮವರು ಪ್ರೀತಿಯಿಂದಲೇ ತಪ್ಪುವುದು ಇಲ್ಲಿ. ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಬೇಡವೆಂದು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಸುರಿದಷ್ಟೂ ದೇಹ ಸೇರುತ್ತದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಅಧ್ಯಯನಗಳು ಅತಿಯಾದ ಕ್ಯಾಲ್ಸಿಯಂನಿಂದ ಮೂಳೆ ಮತ್ತು ಮೃದ್ವಸ್ಥಿಯ ಬೆಳವಣಿಗೆ ಕೆಡುವುದನ್ನು ತೋರಿಸಿವೆ. ದೊಡ್ಡ ತಳಿಯ ಮರಿಗಳಿಗೆಂದೇ ತಯಾರಾದ ಸಿದ್ಧ ಆಹಾರ ಕೊಡುವವರು ಅದರ ಮೇಲೆ ಸಿರಪ್ಪನ್ನಾಗಲಿ ಪುಡಿಯನ್ನಾಗಲಿ ಹಾಕಲೇಬಾರದು. ಚೀಲದ ಮೇಲಿನ ವಿವರದಲ್ಲಿ ಕ್ಯಾಲ್ಸಿಯಂ ಒಣತೂಕದ (ನೀರಿನಂಶ ಬಿಟ್ಟ ತೂಕದ) ಶೇ. 1.8 ಮೀರದಿರಲಿ.

ಹಾಗೆಂದು ಬರೀ ಕೋಳಿ-ಅನ್ನದಲ್ಲಿ ಬೆಳೆಸುವುದೂ ಸರಿಯಲ್ಲ. ಮೂಳೆಯಿಲ್ಲದ ಮಾಂಸದಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ಅತ್ಯಲ್ಪ. ಆ ಕೊರತೆ ತುಂಬಲು ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಂಡು ಮೂಳೆ ತೆಳುವಾಗಿ, ಸಣ್ಣ ಪೆಟ್ಟಿಗೂ ಮುರಿಯುತ್ತದೆ. ‘ರಾಗಿ ತಿಂದವ ನಿರೋಗಿ’ ಎಂದು ರಾಗಿ ಗಂಜಿಯನ್ನು ನೆಚ್ಚಿಕೊಳ್ಳುವವರೂ ಇದ್ದಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜವಾದರೂ, ಅದರಲ್ಲಿರುವ ಫೈಟೇಟ್ ಎಂಬ ಅಂಶ ಹೀರಿಕೆಗೆ ಅಡ್ಡಿಯಾಗುವುದರಿಂದ ಅದೊಂದನ್ನೇ ನಂಬಲಾಗದು. ಬಾಲ್ಕನಿಯ ಬಿಸಿಲೂ ಸಾಲದು. ಮನುಷ್ಯರಂತೆ ಚರ್ಮದಲ್ಲಿ ಸಾಕಷ್ಟು ಡಿ ವಿಟಮಿನ್ ತಯಾರಿಸಿಕೊಳ್ಳಲು ನಾಯಿಗೆ ಸಾಧ್ಯವಿಲ್ಲ, ಅದು ಆಹಾರದಿಂದಲೇ ಬರಬೇಕು. ಮನೆಯೂಟವೇ ಬೇಕೆನ್ನುವವರು ಮರಿಯ ತೂಕ ಮತ್ತು ವಯಸ್ಸಿಗೆ ತಕ್ಕ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಿ.

ಇನ್ನು ಊಟದ ಪ್ರಮಾಣ. ಮರಿ ಗುಂಡುಗುಂಡಾಗಿದ್ದರೆ ಚೆಂದ ಎಂಬ ಭಾವನೆಯನ್ನು ನಾವು ಬಿಡಲೇಬೇಕು. 48 ಲ್ಯಾಬ್ರಡಾರ್‌ಗಳನ್ನು ಮರಿಗಳಾಗಿದ್ದಾಗಿನಿಂದ ಜೀವನಪೂರ್ತಿ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಡಹುಟ್ಟಿದವುಗಳಿಗಿಂತ ಶೇ. 25ರಷ್ಟು ಕಡಿಮೆ ತಿಂದು ಬೆಳೆದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬಾಳಿದವು, ಅವುಗಳಲ್ಲಿ ಸೊಂಟದ ಕೀಲಿನ ತೊಂದರೆಯೂ ಕಡಿಮೆಯಿತ್ತು. ಬೆರಳಾಡಿಸಿದರೆ ಪಕ್ಕೆಲುಬು ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ನಡು ಕಾಣಬೇಕು.

ನೆಲ, ಮೆಟ್ಟಿಲು, ಡೈರಿ

ಕಾಲಿಂಗ್ ಬೆಲ್ ಸದ್ದಾದೊಡನೆ ಬಾಗಿಲಿಗೆ ಓಡುವ ಮರಿಯ ಹಿಂಗಾಲುಗಳು ಟೈಲ್ಸ್ ಮೇಲೆ ಎರಡು ಕಡೆಗೆ ಜಾರುವುದನ್ನು ಒಮ್ಮೆ ನೋಡಿದರೆ ಚಾಪೆ ಹಾಸಲು ಬೇರೆ ಕಾರಣ ಬೇಕಾಗದು. ಅಗ್ಗದ ರಬ್ಬರ್ ಹಾಸೂ ಸಾಕು. 2012ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದು, ಮೂರು ತಿಂಗಳೊಳಗೆ ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಹಿಪ್ ಡಿಸ್‌ಪ್ಲೇಸಿಯಾದ ಅಪಾಯ ಹೆಚ್ಚೆಂದೂ, ಮೆತ್ತನೆಯ ಏರುತಗ್ಗಿನ ನೆಲದಲ್ಲಿ ಸ್ವಚ್ಛಂದವಾಗಿ ಆಡಿದವುಗಳಲ್ಲಿ ಕಡಿಮೆಯೆಂದೂ ಹೇಳಿದೆ. ಲಿಫ್ಟ್ ಇಲ್ಲದ ಹಳೆಯ ಕಟ್ಟಡದಲ್ಲಿರುವವರು ಎಳೆಮರಿಯನ್ನು ಎತ್ತಿಕೊಂಡೇ ಇಳಿಯಿರಿ. ಕುಂಟುವ ದಿನಗಳಲ್ಲಿ ಚೆಂಡಾಟ ಬೇಡ, ಕೊರಳಿಗೆ ಪಟ್ಟಿ ಕಟ್ಟಿ ಸ್ವಲ್ಪ ದೂರ ನಡೆಸಿದರೆ ಸಾಕು.

ಹದಿನೈದು ದಿನಕ್ಕೊಮ್ಮೆ ಮರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕವನ್ನು ಕಳೆದು ಬರೆದಿಡಿ. ಪಕ್ಕದಲ್ಲೇ ಆ ಅವಧಿಯ ಊಟದ ಅಳತೆ, ಕುಂಟಿದ ದಿನ, ಯಾವ ಕಾಲು ಎಂಬುದನ್ನೂ ದಾಖಲಿಸಿ. ಅತ್ತೆಯವರು ಕ್ಯಾಲೆಂಡರಿನ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟ ನಮ್ಮ ಲೆಕ್ಕದಲ್ಲಿ ‘ಎಡ ಮುಂದಿನದು’ ಎಂಬ ಕೊನೆಯ ಗುರುತು ಇರುವುದು ಮರಿಗೆ ಹದಿಮೂರು ತಿಂಗಳು ತುಂಬಿದ ವಾರದಲ್ಲಿ.