ಸಂಡೂರಿನ ಬೀದಿಗೆ ಹೋರಾಟದ ಹಾಡು ಕಟ್ಟುವ ಬಗೆ

ಗಣಿ ಲೂಟಿಯ ಹಾಡಿಗೆ ಬೈಗುಳ ಬೇಡ, ಲೆಕ್ಕ ಬೇಕು. ಅಕ್ರಮ ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿ, ಮಾಹಿತಿ ಹಕ್ಕಿನಲ್ಲಿ ಪಡೆದ ಕಾಗದ ಮುಂದಿಟ್ಟುಕೊಂಡು ಹಾಡಿನ ಒಂದು ನುಡಿಗೆ (ಚರಣಕ್ಕೆ) ಒಂದೇ ಸಂಗತಿ ಹಾಕಿ. ದಾಖಲೆ ಇಲ್ಲದೆ ಹೆಸರು ಹಾಡಿದರೆ ಮಾನನಷ್ಟದ ಕೇಸು ಹಾಕಿ ಬಾಯಿ ಮುಚ್ಚಿಸುವುದು ಗಣಿ ಧಣಿಗಳಿಗೆ ಸಲೀಸು.

ಪಲ್ಲವಿ ನಾಲ್ಕೈದು ಪದ ಸಾಕು. ಒಬ್ಬರು ಎತ್ತಿಕೊಡಲಿ, ಉಳಿದವರು ಎರಡು ಸಲ ಹೇಳಲಿ. ಉದ್ದವಾದರೆ ಜನ ಬರೀ ಕೇಳುತ್ತಾ ನಿಲ್ಲುತ್ತಾರೆ.

ಹಾಡಿಗೆ ಬಾರಿಸುವ ಚರ್ಮವಾದ್ಯ ಹಲಗೆ; ಅದನ್ನು ಕಾಯಿಸುವುದೇ ದೊಡ್ಡ ಕೆಲಸ. ಹುಲ್ಲಿನ ಉರಿಗೆ ಚರ್ಮದ ಮುಖ ಹಿಡಿದು ತಿರುಗಿಸುತ್ತಾ ಇರಿ. ಬೆರಳಲ್ಲಿ ತಟ್ಟಿದಾಗ ‘ಡಬ್’ ಹೋಗಿ ‘ಟಣ್’ ಅನ್ನಬೇಕು. ಒಂದೇ ಕಡೆ ಕಾದರೆ ಚರ್ಮ ಬಿರಿಯುತ್ತೆ. ಮಳೆಗಾಲದಲ್ಲಿ ಬೇಗ ಸಡಿಲಾಗುತ್ತೆ, ಎರಡು ಹಲಗೆ ಇಟ್ಟುಕೊಂಡು ಒಂದನ್ನು ಬಾರಿಸುವಾಗ ಇನ್ನೊಂದನ್ನು ಕಾಯಿಸಿ.

ಮೈಕಿಗೆ ಲಿಖಿತ ಅನುಮತಿ ಬೇಕು. ರಾತ್ರಿ 10ರ ಮೇಲೆ ಹಚ್ಚಬೇಡಿ.