ಮೂರು ಅಡಿ ಸಮುದ್ರ, ಎಂಟು ತಿಂಗಳ ಪಾಚಿ

ಕಾರವಾರದವರಿಗೆ ಪಾಚಿ ಹೊಸದಲ್ಲ. ಮಳೆಗಾಲ ಶುರುವಾದರೆ ಬಾವಿಕಟ್ಟೆ, ಮೆಟ್ಟಿಲು, ಚಿರೇಕಲ್ಲಿನ ಕಂಪೌಂಡು ಎಲ್ಲದರ ಮೇಲೂ ಹಸಿರು ಕೂರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರೆ ಆಯಿತು. ಆದ್ರೆ ಹಾಲ್‌ನಲ್ಲಿರುವ ಉಪ್ಪುನೀರಿನ ಮೀನಿನ ಟ್ಯಾಂಕಿನೊಳಗೆ ಬಂದರೆ ಬ್ಲೀಚಿಂಗ್ ಪೌಡರ್ ಹಾಕೋಕಾಗಲ್ಲ ಅಲ್ವಾ. ಅಲ್ಲಿ ನಾನು ಎಂಟು ತಿಂಗಳು ಒದ್ದಾಡಿದೆ.

ನನ್ನದು ಮೂರು ಅಡಿ ಟ್ಯಾಂಕು, ಕೆಳಗಿರುವ ಫಿಲ್ಟರ್ ತೊಟ್ಟಿ (ಸಂಪ್) ಸೇರಿ ಸುಮಾರು 180 ಲೀಟರ್ ನೀರು. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಕಲ್ಲಿನ ಮೇಲೆ ಜೊವಾಂಥಿಡ್, ಮಶ್ರೂಮ್ ತರದ ಮೆತ್ತನೆಯ ಹವಳ. ಕಲ್ಲು ಹವಳ ಇಟ್ಟಿಲ್ಲ. ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿವೆ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವ ಗೆಳೆಯರು "ಒಂದು ತುಂಡು ತರ್ಲಾ?" ಅಂದರೆ ಮರ್ಯಾದೆಯಿಂದ ಬೇಡ ಅನ್ನಿ. ನನ್ನ ಟ್ಯಾಂಕಿನ ಕಲ್ಲು ಕೂಡ ಸಿಮೆಂಟಿನಲ್ಲಿ ಮಾಡಿದ್ದು.

ಶುರುವಿನಲ್ಲಿ ಸಮುದ್ರದ ನೀರನ್ನೇ ತರುತ್ತಿದ್ದೆ. ಸಮುದ್ರ ಎದುರಿಗೇ ಇರುವಾಗ ಉಪ್ಪಿಗೆ ದುಡ್ಡು ಯಾಕೆ ಕೊಡಬೇಕು ಅನ್ನೋ ಲೆಕ್ಕ. ಏಪ್ರಿಲ್, ಮೇ ಚೆನ್ನಾಗೇ ಹೋಯಿತು. ಜೂನ್‌ನಲ್ಲಿ ಕಾಳಿ ನದಿ ತುಂಬಿ ಬಂದಾಗ ಟಾಗೋರ್ ಬೀಚಿನಿಂದ ಎರಡು ಕ್ಯಾನ್ ತಂದು ಉಪ್ಪಿನಂಶ ತಿಳಿಸುವ ರಿಫ್ರಾಕ್ಟೋಮೀಟರಿನಲ್ಲಿ ನೋಡುತ್ತೇನೆ, ಸಾಂದ್ರತೆ 1.025 ಇರಬೇಕಾದ್ದು 1.014! ಬಣ್ಣವೂ ಹಾಲು ಕಡಿಮೆಯಾದ ಚಹಾದ ಹಾಗೆ. ಅವತ್ತಿನಿಂದ ಪ್ಯಾಕೆಟ್ ಉಪ್ಪು ಕಲಸೋಕೆ ಶುರು ಮಾಡಿದೆ. ಉಪ್ಪೇನೋ ಬದಲಾಯಿತು, ಕಲಸುವ ಸಿಹಿನೀರು ಯಾವುದು ಅಂತ ಮಾತ್ರ ನಾನು ಯೋಚನೆ ಮಾಡಲಿಲ್ಲ. ಮನೆಯ ಆರ್‌ಓ ಇದೆಯಲ್ಲ, ಅದೇ ಸಾಕು ಅಂದುಕೊಂಡೆ.

ಆಗಸ್ಟ್‌ನಲ್ಲಿ ಕಲ್ಲಿನ ತುದಿಯಲ್ಲಿ ಕಡು ಹಸಿರಿನ ಸಣ್ಣ ಕುಚ್ಚು ಕಂಡಿತು. ಚಂದವೇ ಇತ್ತು, ಫೋಟೋ ಕೂಡ ತೆಗೆದೆ. ಒಂದು ತಿಂಗಳಿಗೆ ಇಡೀ ಕಲ್ಲಿಗೆ ಕೂದಲು ಬಂದ ಹಾಗಾಯಿತು. ಜೊವಾಂಥಿಡ್‌ಗಳು ಅದರ ಕೆಳಗೆ ಬಾಯಿ ಮುಚ್ಚಿಕೊಂಡು ಕೂತವು.

ಆಮೇಲೆ ಮಾಡಿದ್ದೆಲ್ಲ ದಡ್ಡತನ. ಲೈಟು ಹತ್ತು ತಾಸಿನಿಂದ ಆರು ತಾಸಿಗೆ ಇಳಿಸಿದೆ, ಪಾಚಿಗೆ ಏನೂ ಆಗಲಿಲ್ಲ, ಹವಳದ ಬಣ್ಣ ಹೋಯಿತು. ಬೈತಖೋಲದ ಕಡೆ ಬಂಡೆಗೆ ಅಂಟಿಕೊಂಡಿರುವ ಸಣ್ಣ ಕರಿ ಬಸವನಹುಳುಗಳನ್ನು ಹದಿನೈದು ತಂದು ಬಿಟ್ಟೆ. ಅವು ಭರತ ಇಳಿತದ ಮಧ್ಯೆ ಬದುಕೋವು, ನೀರಿನಲ್ಲೇ ಇರಬೇಕು ಅನ್ನೋ ಹಟ ಅವಕ್ಕಿಲ್ಲ. ಬೆಳಿಗ್ಗೆ ಎದ್ದರೆ ನಾಲ್ಕು ಟ್ಯಾಂಕಿನ ಹೊರಗೆ, ಎರಡು ಅಡಿಗೆಮನೆ ಗೋಡೆ ಮೇಲೆ. ಆಯಿ ಚಿಮಟದಲ್ಲಿ ಒಂದನ್ನು ಹಿಡಿದುಕೊಂಡು ಬಂದು "ಇದನ್ನು ಸಾಕ್ತೀಯೋ, ಸಾರು ಮಾಡ್ಲೋ?" ಅಂದಳು. ಉಳಿದವನ್ನು ಅದೇ ಸಂಜೆ ಬಂಡೆಗೆ ವಾಪಸ್ ಬಿಟ್ಟು ಬಂದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಅಂದರೆ ಟ್ಯಾಂಕಿನೊಳಗೇ ಹಲ್ಲುಜ್ಜುವ ಬ್ರಶ್ ಹಾಕಿ ತಿಕ್ಕಿದ್ದು. ಪ್ರತಿ ಭಾನುವಾರ ತಿಕ್ಕುತ್ತಿದ್ದೆ, ಮುಂದಿನ ಭಾನುವಾರ ಹೊಸ ಜಾಗದಲ್ಲಿ ಹೊಸ ಕುಚ್ಚು ಇರುತ್ತಿತ್ತು. ಯಾಕೆ ಅಂತ ಗೊತ್ತಾಗಿದ್ದು ಒಂದು ಎಳೆ ಕಿತ್ತು ಬಿಳಿ ಸಾಸರಿನಲ್ಲಿ ನೀರು ಹಾಕಿ, ಮಗಳ ಭೂತಗನ್ನಡಿಯಲ್ಲಿ ನೋಡಿದಾಗ. ನಾನು ಇದನ್ನು ಸಾಮಾನ್ಯ ಕೂದಲು ಪಾಚಿ ಅಂದುಕೊಂಡಿದ್ದೆ. ಕೂದಲು ಪಾಚಿಯಾದರೆ ಒದ್ದೆ ನೂಲಿನ ಹಾಗೆ ಮುದ್ದೆಯಾಗಿ ಬಿದ್ದಿರುತ್ತದೆ. ಇದು ಹಾಗಿರಲಿಲ್ಲ. ನಡುವೆ ಒಂದು ದಂಟು, ಎರಡೂ ಕಡೆ ಸಾಲಾಗಿ ಸಣ್ಣ ಕಡ್ಡಿ, ಥೇಟ್ ನಮ್ಮ ಬಾವಿಯ ಗೋಡೆಯಲ್ಲಿ ಬೆಳೆಯುವ ಜರಿಗಿಡದ ಎಲೆ. ಬ್ರಯಾಪ್ಸಿಸ್ ಅನ್ನೋ ಪಾಚಿ. ಇದರ ಒಂದೊಂದು ಎಳೆಯೂ ಒಂದೇ ಜೀವಕೋಶ, ಒಳಗೆ ಗೋಡೆಗಳೇ ಇಲ್ಲ. ಒಡೆದರೆ ಹಸಿರು ರಸ ನೀರಿಗೆ ಚೆಲ್ಲುತ್ತದೆ, ಆ ರಸದ ಹನಿಗಳೇ ಮತ್ತೆ ಸಿಪ್ಪೆ ಕಟ್ಟಿಕೊಂಡು ಹೊಸ ಗಿಡ ಆಗಬಲ್ಲವು. ಅಂದರೆ ನಾನು ಪ್ರತಿ ಭಾನುವಾರ ತಿಕ್ಕುತ್ತಾ ಇರಲಿಲ್ಲ, ಬಿತ್ತುತ್ತಾ ಇದ್ದೆ!

ಆಮೇಲೆ ಕಲ್ಲನ್ನು ಹೊರಗೆ ಬಕೆಟ್ಟಿನಲ್ಲಿ ಇಟ್ಟುಕೊಂಡೇ ಕಿತ್ತೆ. ಹೈಡ್ರೋಜನ್ ಪೆರಾಕ್ಸೈಡ್ ನನಗೆ ಸಿಕ್ಕಿದ್ದು 6%ದ್ದು, ಅಷ್ಟೇ ನೀರು ಸೇರಿಸಿ 3% ಮಾಡಿ ಬುಡಕ್ಕೆ ಬ್ರಶ್‌ನಲ್ಲಿ ಹಚ್ಚಿ, ಎರಡು ನಿಮಿಷ ಬಿಟ್ಟು, ಉಪ್ಪುನೀರಿನಲ್ಲಿ ತೊಳೆದೆ. ಒಂದು ಮಾತು: ಜೊವಾಂಥಿಡ್ ಇರುವ ಕಲ್ಲನ್ನು ಬರಿಗೈಯಲ್ಲಿ ತಿಕ್ಕಬೇಡಿ, ಬಿಸಿನೀರಂತೂ ಹಾಕಲೇಬೇಡಿ. ಅವುಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಭಾರಿ ವಿಷ ಇರಬಹುದು, ಕಲ್ಲು ಕುದಿಸಿ ಅದರ ಹಬೆಗೆ ಆಸ್ಪತ್ರೆ ಸೇರಿದವರಿದ್ದಾರೆ. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ.

ಸರಿ, ಇದಕ್ಕೆ ಊಟ ಎಲ್ಲಿಂದ ಬರುತ್ತಿದೆ? ಟೆಸ್ಟ್ ಕಿಟ್ ಪ್ರಕಾರ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ನಾನು ಅದನ್ನು ನೋಡಿ ಖುಷಿ ಪಟ್ಟುಕೊಂಡು ಮೂರು ತಿಂಗಳು ಹಾಳು ಮಾಡಿದೆ. ಬಂದದ್ದನ್ನೆಲ್ಲ ಪಾಚಿಯೇ ತಿಂದು ಮುಗಿಸಿದರೆ ನೀರಿನಲ್ಲಿ ಏನು ಉಳಿಯುತ್ತದೆ? ತಟ್ಟೆ ಖಾಲಿ ಇದೆ ಅಂದರೆ ಉಂಡಿಲ್ಲ ಅಂತ ಅರ್ಥವಲ್ಲ.

ಗುಟ್ಟು ರಟ್ಟಾಗಿದ್ದು ಆರ್‌ಓ ರಿಪೇರಿಗೆ ಹುಡುಗ ಬಂದಾಗ. ಸುಮ್ನೆ ನನ್ನ ಟಿಡಿಎಸ್ ಪೆನ್ನು (ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸೋದು) ಗ್ಲಾಸಿಗೆ ಅದ್ದಿದೆ, 62 ತೋರಿಸಿತು. "ಫಿಲ್ಟರ್ ಹೋಗಿದೆಯಾ?" ಅಂತ ಕೇಳಿದೆ. "ಇಲ್ಲ ಸರ್, ಪೂರ್ತಿ ಶುದ್ಧ ಮಾಡಿದ್ರೆ ಕುಡಿಯೋಕೆ ರುಚಿ ಇರಲ್ಲ. ಸ್ವಲ್ಪ ಬಾವಿ ನೀರು ಸೇರಲಿ ಅಂತಾನೇ ಈ ಸ್ಕ್ರೂ ಇರೋದು" ಅಂತ ಒಳಗಿನ ಒಂದು ಸಣ್ಣ ತಿರುಪು ತೋರಿಸಿದ. ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ.

ಲೆಕ್ಕ ನೋಡಿ. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ದಿನಕ್ಕೆ ಎರಡೂವರೆ ಲೀಟರ್ ಆವಿಯಾಗುತ್ತದೆ, ಅಷ್ಟೇ ನೀರು ಮತ್ತೆ ತುಂಬುತ್ತೇವೆ. ತಿಂಗಳಿಗೆ 75 ಲೀಟರ್. ಆವಿಯಾಗುವುದು ನೀರು ಮಾತ್ರ, ಅದರಲ್ಲಿ ಕರಗಿದ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಎಲ್ಲ ಟ್ಯಾಂಕಿನಲ್ಲೇ ಉಳಿಯುತ್ತದೆ. ನಮ್ಮ ಬಾವಿಯ ಪಕ್ಕದಲ್ಲೇ ತೆಂಗಿನ ಬುಡ, ಅದಕ್ಕೆ ಪ್ರತಿ ವರ್ಷ ಗೊಬ್ಬರ. ಇನ್ನೇನು ಬೇಕು ಪಾಚಿಗೆ? ಹುಡುಗನಿಗೆ ಹೇಳಿ ಮೆಂಬ್ರೇನಿನಿಂದಲೇ ನೇರ ಒಂದು ಪೈಪ್ ತೆಗೆಸಿ, ಮುಂದೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ತುಂಬಿದ ಡಬ್ಬಿ ಕೂರಿಸಿದೆ. ಪೆನ್ನು ಸೊನ್ನೆ ತೋರಿಸಿತು. ಇಡೀ ಕಥೆಯಲ್ಲಿ ನಾನು ಮಾಡಿದ ಒಂದೇ ಸರಿಯಾದ ಖರ್ಚು ಅದು.

ಇನ್ನೊಂದು ದಾರಿ ಆಯಿಯ ಕೈ. ನಾನು ಆಫೀಸಿಗೆ ಹೋದ ಮೇಲೆ ಮಧ್ಯಾಹ್ನ ಒಂದು ಸಲ, ಸಂಜೆ ದೀಪ ಹಚ್ಚಿದ ಮೇಲೆ ಇನ್ನೊಂದು ಸಲ ಮೀನಿಗೆ ಊಟ. ಕೇಳಿದರೆ "ಬಾಯಿ ಬಿಡ್ತಾವಲ್ಲೋ, ಪಾಪ" ಅಂತಾಳೆ. ಅವು ಬಾಯಿ ಬಿಡೋದು ಉಸಿರಾಡೋಕೆ ಅಂತ ಹೇಳಿ ಪ್ರಯೋಜನ ಇಲ್ಲ. ಕೊನೆಗೆ ಏಳು ಮಾತ್ರೆ ಡಬ್ಬಿಗಳ ಪೆಟ್ಟಿಗೆ ತಂದು, ದಿನಕ್ಕೊಂದು ಚಿಟಿಕೆ ತುಂಬಿಟ್ಟೆ. ಬಿಪಿ ಮಾತ್ರೆಗೆ ಅವಳದ್ದೂ ಅಂಥದ್ದೇ ಇದೆ, ಹಾಗಾಗಿ ನಿಯಮ ತಕ್ಷಣ ಒಪ್ಪಿಕೊಂಡಳು. ನಾನು ಕೊಡುತ್ತಿದ್ದ ಸುಂಗಟದ (ಸಿಗಡಿಯ) ಚೂರನ್ನೂ ಈಗ ಜರಡಿಯಲ್ಲಿ ತೊಳೆದೇ ಹಾಕುತ್ತೇನೆ.

ಇಷ್ಟಾದರೂ ಪಾಚಿ ತಕ್ಷಣ ಹೋಗಲಿಲ್ಲ. ಸಿಮೆಂಟಿನ ಕಲ್ಲು ತಿಂಗಳುಗಟ್ಟಲೆ ಹೀರಿಕೊಂಡಿದ್ದ ಫಾಸ್ಫೇಟನ್ನು ನಿಧಾನಕ್ಕೆ ಬಿಡುತ್ತಾ ಇತ್ತು. ಬ್ರಯಾಪ್ಸಿಸ್ ಉಪವಾಸಕ್ಕೆ ಹೆದರುವ ಜಾತಿಯೂ ಅಲ್ಲ. ಅದಕ್ಕೆ ಔಷಧ ಫ್ಲುಕೊನಜೋಲ್, ನಮಗೆ ಹುಳುಕಡ್ಡಿಗೆ ಕೊಡುವ ಮಾತ್ರೆಯೇ. ಲೀಟರಿಗೆ ಸುಮಾರು 5 ಮಿಲಿಗ್ರಾಂ, ಅಂದರೆ ನನ್ನ ಟ್ಯಾಂಕಿಗೆ 150ರ ಮಾತ್ರೆ ಆರು. ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ಕೊಡಲಿಲ್ಲ, ಅದು ಸರಿಯೇ. ಪರಿಚಯದ ದನದ ಡಾಕ್ಟರು ನಗುತ್ತಾ ಬರೆದುಕೊಟ್ಟರು. ಮಾತ್ರೆ ಪುಡಿ ಮಾಡಿ, ಟ್ಯಾಂಕಿನ ನೀರಿನಲ್ಲೇ ಕಲಸಿ ಹಾಕಿದೆ. ಫಿಲ್ಟರಿನಲ್ಲಿ ಕಾರ್ಬನ್ ಇದ್ದರೆ ಔಷಧವನ್ನೇ ಹೀರಿಬಿಡುತ್ತದೆ, ಅದಕ್ಕೆ ಮೊದಲೇ ತೆಗೆದಿದ್ದೆ. ಎರಡು ವಾರ ನೀರು ಬದಲಾಯಿಸಲಿಲ್ಲ.

ಐದು ದಿನ ಏನೂ ಇಲ್ಲ. ಎಂಟನೇ ದಿನ ತುದಿ ಬೆಳ್ಳಗೆ. ಹನ್ನೆರಡನೇ ದಿನ ಇಡೀ ಕುಚ್ಚು ಸೋಸಿದ ಚಹಾಪುಡಿಯ ಬಣ್ಣಕ್ಕೆ ತಿರುಗಿ, ಪಂಪಿನ ಗಾಳಿಗೆ ತಾನಾಗೇ ಉದುರಿತು. ಸಾಯುವ ಪಾಚಿ ಆಮ್ಲಜನಕ ಎಳೆಯುತ್ತದೆ ಅಂತ ಏರ್‌ಪಂಪ್ ಹಾಕಿಟ್ಟಿದ್ದೆ, ಬ್ಯಾಟರಿಯದ್ದು, ಯಾಕೆಂದರೆ ನಮ್ಮಲ್ಲಿ ಕರೆಂಟು ಹೋಗೋದಕ್ಕೆ ಗಾಳಿ ಬೀಸಬೇಕು ಅಂತೇನಿಲ್ಲ.

ಪಾಚಿ ಕೊಳೆತು ನೈಟ್ರೇಟ್ ಲೀಟರಿಗೆ 25 ಮಿಲಿಗ್ರಾಂಗೆ ಹೋಯಿತು. ಹೆದರಿ ಎರಡು ಸಲ ದೊಡ್ಡ ಪ್ರಮಾಣದಲ್ಲಿ ನೀರು ಬದಲಾಯಿಸಿ, ಫಾಸ್ಫೇಟ್ ಹಿಡಿಯುವ ಜಿಎಫ್‌ಓ ಪುಡಿಯನ್ನು ಜಾಸ್ತಿಯೇ ಸುರಿದೆ. ಈ ಸಲ ನಿಜವಾಗಲೂ ಸೊನ್ನೆ. ಹತ್ತೇ ದಿನಕ್ಕೆ ಮರಳಿನ ಮೇಲೆ ಕಂದು ಲೋಳೆ, ಗುಳ್ಳೆ ಗುಳ್ಳೆ, ಮಧ್ಯಾಹ್ನ ಜಾಸ್ತಿ, ಬೆಳಿಗ್ಗೆ ಮಾಯ. ಡೈನೋಫ್ಲಾಜೆಲೇಟ್, ಒಂದೇ ಕೋಶದ ಸೂಕ್ಷ್ಮಜೀವಿ. ಪಾಚಿಯ ಊಟ ಪೂರ್ತಿ ನಿಲ್ಲಿಸಿದರೆ ಬರುವ ಅತಿಥಿ ಇವರು. ಜಿಎಫ್‌ಓ ತೆಗೆದು, ನೀರು ಬದಲಾಯಿಸೋದು ನಿಲ್ಲಿಸಿ, ಆಯಿಗೆ ಒಂದು ತಿಂಗಳ ಮಟ್ಟಿಗೆ ಎರಡನೇ ಚಿಟಿಕೆಯ ಅನುಮತಿ ಕೊಟ್ಟೆ. ನೈಟ್ರೇಟ್ 5ರ ಆಸುಪಾಸು, ಫಾಸ್ಫೇಟ್ 0.05 ಆದ ಮೇಲೆ ಅದೂ ಹೋಯಿತು. ಈಗಲೂ ಅಷ್ಟರಲ್ಲೇ ಇಟ್ಟುಕೊಂಡಿದ್ದೇನೆ, ಸೊನ್ನೆಯ ಆಸೆ ಬಿಟ್ಟಿದ್ದೇನೆ.

ಹಿಂದಿನ ಗಾಜಿನ ಮೇಲೆ ತೆಳು ಹಸಿರು ಇದ್ದೇ ಇದೆ, ಅದನ್ನು ಮುಟ್ಟಲ್ಲ. ಓವರ್‌ಫ್ಲೋ ಮೂಲೆಯಲ್ಲಿ ಹೋದ ವಾರ ಒಂದು ಎಳೆ ಕಂಡ ಹಾಗಾಯಿತು, ಬ್ರಯಾಪ್ಸಿಸ್ಸೋ ಬೇರೆಯೋ ಇನ್ನೂ ಸಾಸರಿಗೆ ಹಾಕಿ ನೋಡಿಲ್ಲ. ಮಾತ್ರೆ ಇನ್ನೊಂದು ಸ್ಟ್ರಿಪ್ ಡ್ರಾಯರಿನಲ್ಲಿದೆ. ಮನೆಯಲ್ಲಿ ಯಾರಾದರೂ ತಲೆನೋವಿಗೆ ಅಂತ ನುಂಗಿಬಿಟ್ಟಾರು ಅಂತ ಆಯಿ ಅದರ ಮೇಲೆ ಪೆನ್ನಿನಲ್ಲಿ ದಪ್ಪಗೆ ಬರೆದಿಟ್ಟಿದ್ದಾಳೆ: "ಮೀನಿಂದು".